ಶಿವಾಜಿನಗರದ ಐಸು

ಮಂಗಳೂರಿನ ಬಸ್ಸು ತಡವಾಗಿ ಬಂದದ್ದರಿಂದ ನನ್ನ ಥರ್ಮಕೋಲ್ ಪೆಟ್ಟಿಗೆಯ ಐಸು ಕರಗುತ್ತಿತ್ತು. ಒಳಗೆ ನಮ್ಮ ಅಳಿವೆಯ ನೀರಿನ ಸೀಸೆಗಳಿದ್ದವು. ನಮ್ಮ ಕಡೆ ತಿನ್ನುವ ಮರುವಾಯಿ ಚಿಪ್ಪಿಗೆ ವಿಷವೇರಿಸುವ ಪಾಚಿ ಆ ನೀರಿನಲ್ಲಿದೆಯೇ ಎಂದು ಇಲ್ಲಿ ಬೆಂಗಳೂರಿನ ಲ್ಯಾಬಿನಲ್ಲಿ ಡಿಎನ್‌ಎ ಪರೀಕ್ಷೆ ಆಗಬೇಕು. ಶಿವಾಜಿನಗರದ ಮೀನು ಮಾರ್ಕೆಟ್ಟಿಗೆ ಓಡಿದೆ.

ಅಂಗಡಿಯ ಬಾಷಾ ಸಾಬರು ಪೆಟ್ಟಿಗೆಗೆ ಧಾರಾಳವಾಗಿ ಐಸು ಸುರಿದರು.

"ನೀರಿಗೆ ಐಸಾ! ಏನ್ ಸಾರ್ ಇದು?"

"ಪರೀಕ್ಷೆಗೆ," ಎಂದೆ, ಅಷ್ಟೇ. ಫಲಿತಾಂಶ ಬರುವ ಮೊದಲು ಬಾಯಿ ಬಿಡಬಾರದೆಂಬುದು ನಮ್ಮ ಕಸುಬಿನ ಶಿಸ್ತು.

"ಮಂಗಳೂರೋರಾ? ನಿಮ್ಮೂರ ಮರುವಾಯಿ ಬಂದಿದೆ, ತಗೊಂಡೋಗಿ."

ಎಲ್ಲಿಯದೆಂದು ಕೇಳಿದೆ. ಅವರು ಹೇಳಿದ್ದು ಅದೇ ಅಳಿವೆಯ ಹೆಸರು.

"ಬೇಡ, ನಾನು ತಿನ್ನಲ್ಲ," ಎಂದೆ. ಹೋದ ವಾರದವರೆಗೂ ತಿನ್ನುತ್ತಿದ್ದವನೇ.

"ಹಂಗಾದ್ರೆ ನನಗೆ ಹಾಕಿ ಭಾಯ್," ಎಂದು ಪಕ್ಕದಲ್ಲಿದ್ದ ಹೆಂಗಸು ಚೀಲ ಒಡ್ಡಿದರು. ಆಮೇಲೆ ನನ್ನತ್ತ ತಿರುಗಿ, "ನಿಮ್ಮೂರ್ದಲ್ವಾ ಸಾರ್, ಮಕ್ಕಳಿಗೆ ಕೊಡಬಹುದಾ?" ಎಂದು ಕೇಳಿದರು.

ಪೆಟ್ಟಿಗೆಯ ಮುಚ್ಚಳ ಒತ್ತಿ ಹಿಡಿದು, "ಚೆನ್ನಾಗಿ ಬೇಯಿಸಿ," ಎಂದೆ.

ಬೇಯಿಸಿದರೆ ಹೋಗುವ ವಿಷವಲ್ಲ ಅದು.