ಒಲೆಯ ಕಿವಿ ಹಿಂಡುವ ಮೊದಲು

ಗ್ಯಾಸಿನ ಒಲೆ ಹೊತ್ತಿಸುವ ಕ್ರಮದಲ್ಲಿ ಮನುಷ್ಯನ ಸ್ವಭಾವವೆಲ್ಲ ಅಡಗಿದೆ ಎಂಬುದು ನನ್ನ ಬಹುಕಾಲದ ಸಿದ್ಧಾಂತ. ಕೆಲವರು ಕಡ್ಡಿಪೆಟ್ಟಿಗೆ ಕೈಯಲ್ಲಿದೆ ಎಂದು ಖಾತ್ರಿಯಾದ ಮೇಲಷ್ಟೇ ಅಡುಗೆಮನೆಯ ಹೊಸ್ತಿಲು ದಾಟುತ್ತಾರೆ. ಇಂಥವರು ಬಸ್ಸು ಬರುವ ಮೊದಲೇ ಚಿಲ್ಲರೆ ತೆಗೆದು ಮುಷ್ಟಿಯಲ್ಲಿ ಹಿಡಿದು ನಿಂತಿರುತ್ತಾರೆ. ಇನ್ನು ಕೆಲವರು ಮೊದಲು ಅನಿಲವನ್ನು ಬಿಟ್ಟು, ಅನಂತರ ಕಡ್ಡಿಪೆಟ್ಟಿಗೆ ಎಲ್ಲಿ ಹಾಳಾಗಿಹೋಯಿತು ಎಂದು ಮನೆಯವರನ್ನೆಲ್ಲ ವಿಚಾರಣೆಗೆ ಗುರಿಪಡಿಸುತ್ತಾರೆ. ಇಂಥವರು ಮದುವೆಯನ್ನೂ ಬಹುಶಃ ಹೀಗೆಯೇ ಆಗಿರುತ್ತಾರೆ. ನಾನು ಯಾವ ಪಂಗಡದವನು ಎಂದು ನೀವು ಕೇಳುವುದು ಸಹಜ. ನನ್ನದು ಮೂರನೆಯದು: ಒಲೆಯ ಸಮೀಪಕ್ಕೂ ಸುಳಿಯದೆ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಹೊತ್ತಿಸುವವರಿಗೆ ಉಪದೇಶ ಮಾಡುವ ಪಂಗಡ. ಗಂಡಸರ ಪೈಕಿ ಬಹುಮತ ನಮ್ಮದೇ.

ಈ ಸಿದ್ಧಾಂತ ಹುಟ್ಟಿದ್ದು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಒಂದು ಬಾಡಿಗೆ ಮನೆಯಲ್ಲಿ, ಎಂಬತ್ತರ ದಶಕ ಆಗತಾನೆ ಕಣ್ಣು ಬಿಡುತ್ತಿದ್ದ ಕಾಲದಲ್ಲಿ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಅಂದರೆ ಸತ್ತ ರಾಜರ ತಪ್ಪುಗಳನ್ನು ಬದುಕಿರುವ ಹುಡುಗರಿಗೆ ಒಪ್ಪಿಸುತ್ತಿದ್ದೆ. ಮನೆಯಲ್ಲಿ ನಾನು, ನನ್ನ ಅವ್ವ, ಮತ್ತು ಹರಿಹರದಿಂದ ಹೊಸದಾಗಿ ಬಂದಿದ್ದ ನನ್ನ ಹೆಂಡತಿ ಗಿರಿಜ. ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಒಲೆ. ಮಾಯಕೊಂಡದ ನಮ್ಮ ಸೋದರಮಾವನ ಹೊಲದಿಂದ ಹತ್ತಿಕಟ್ಟಿಗೆ ಗಾಡಿಗಟ್ಟಲೆ ಬಂದು ಹಿತ್ತಲಿನಲ್ಲಿ ಒಟ್ಟಿಕೊಳ್ಳುತ್ತಿತ್ತು. ಹತ್ತಿಕಟ್ಟಿಗೆಯ ಗುಣವೇನೆಂದರೆ ಉರಿಯುವುದಕ್ಕಿಂತ ಹೆಚ್ಚಾಗಿ ಹೊಗೆಯಾಡುವುದು. ಅವ್ವನ ಕಣ್ಣಿಗೂ ಎದೆಗೂ ಆ ಹೊಗೆ ಹೇಗೋ ಒಗ್ಗಿಹೋಗಿತ್ತು. ಗಿರಿಜಳಿಗೆ ಒಗ್ಗಲಿಲ್ಲ. ಚಳಿ ಶುರುವಾದದ್ದೇ ಅವಳಿಗೆ ದಮ್ಮು ಹತ್ತಿಕೊಂಡಿತು. ಗೋಡೆಗೆ ಒರಗಿ ಕುಳಿತು, ಒಂದೊಂದು ಉಸಿರನ್ನೂ ಬಾವಿಯಿಂದ ಕೊಡ ಸೇದಿದ ಹಾಗೆ ಸೇದುತ್ತಿದ್ದಳು. ಹೊಗೆ ನಿಲ್ಲಬೇಕು, ಇಲ್ಲದಿದ್ದರೆ ಹುಡುಗಿ ಒಲೆಯ ಮುಂದೆ ಕೂರದೆ ತವರಿನಲ್ಲಿರಲಿ ಎಂದು ಡಾಕ್ಟರು ಹೇಳಿಬಿಟ್ಟರು. ಹೀಗೆ ಮದುವೆಯಾದ ಮೊದಲ ಚಳಿಗಾಲವನ್ನು ಅವಳು ಹರಿಹರದಲ್ಲಿ ಕಳೆದಳು, ನಾನು ದಾವಣಗೆರೆ–ಹರಿಹರದ ಬಸ್ಸಿನಲ್ಲಿ ಕಳೆದೆ. ಎರಡನೆಯ ಚಳಿಗಾಲವೂ ಹಾಗೇ ಹೋದರೆ ನೆಂಟರಿಷ್ಟರು ಕೇಳತೊಡಗುತ್ತಾರೆ, ಆ ಪ್ರಶ್ನೆಗಳಿಗೆ ಇತಿಹಾಸದ ಅಧ್ಯಾಪಕನಲ್ಲಿ ಉತ್ತರವಿರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆದ್ದರಿಂದ ಗ್ಯಾಸಿಗೆ ಹೆಸರು ಬರೆಸಿದೆವು. ಆ ಕಾಲದಲ್ಲಿ ಗ್ಯಾಸಿಗೆ ಹೆಸರು ಬರೆಸುವುದೆಂದರೆ ಮಗುವಿಗೆ ಹರಕೆ ಹೊತ್ತ ಹಾಗೆ. ಹೊತ್ತು, ಮರೆತು, ಬೇರೆ ಕೆಲಸ ನೋಡಿಕೊಳ್ಳಬೇಕಾಗಿತ್ತು. ನಮ್ಮ ಅದೃಷ್ಟಕ್ಕೆ ಆ ಬೇಸಿಗೆಯಲ್ಲೇ ಒಂದು ಬೆಳಿಗ್ಗೆ ದಸ್ತಗೀರ್ ಎಂಬಾತ ಸೈಕಲ್ಲಿನ ಹಿಂದೆ ಸಿಲಿಂಡರನ್ನು ಹಗ್ಗದಲ್ಲಿ ಬಿಗಿದು ತಂದು ನಮ್ಮ ಬಾಗಿಲಿಗೆ ಇಳಿಸಿದ. ಅವ್ವ ಅದನ್ನು ಒಳಗೆ ಬಿಟ್ಟುಕೊಂಡದ್ದು ಹೊಸ ಸೊಸೆಯನ್ನು ಬಿಟ್ಟುಕೊಂಡ ಹಾಗೆಯೇ. ಬಾಗಿಲಿಗೆ ನೀರು ಹಾಕಿ, ಅದರ ಹೊಟ್ಟೆಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಕೊರಳಿಗೆ ಸೇವಂತಿಗೆ ಮಾಲೆ ಹಾಕಿ, ತಟ್ಟೆಯಲ್ಲಿ ಕರ್ಪೂರ ಹಚ್ಚಿ ಆರತಿಗೆ ಅಣಿಯಾದಳು. ಬಾಗಿಲಲ್ಲಿ ನೀರು ಕುಡಿಯುತ್ತಿದ್ದ ದಸ್ತಗೀರನ ಕೈಯ ಲೋಟ ಅಲ್ಲೇ ನಿಂತಿತು.

"ಅವ್ವಾರ, ಅದಕ್ಕೆ ಕರ್ಪೂರ ಬ್ಯಾಡ್ರಿ," ಎಂದ, ಬಹಳ ಮೆತ್ತಗೆ. "ಊದಿನಕಡ್ಡಿನೂ ಬ್ಯಾಡ್ರಿ. ಹೂವ ಹಾಕೀರಲ್ಲ, ಖುಷಿಯಾಗೈತೆ ಅದಕ್ಕ."

ಅವ್ವನಿಗೆ ಇದು ಸರಿಬರಲಿಲ್ಲ. ಆರತಿ ಒಲ್ಲೆನೆನ್ನುವ ಬೆಂಕಿ ಎಂಥ ಬೆಂಕಿ? ಸಾಲದ್ದಕ್ಕೆ ಒಲೆಯನ್ನು ನೆಲದ ಮೇಲೆ ಇಡಬಾರದಂತೆ, ಸಿಲಿಂಡರಿಗಿಂತ ಎತ್ತರದಲ್ಲಿ ಇಡಬೇಕಂತೆ. ಇಟ್ಟಿಗೆಯ ಮೇಲೆ ಕಡಪದ ಕಲ್ಲು ಹಾಸಿ ಕಟ್ಟೆ ಕಟ್ಟಿಸಿದ್ದಾಯಿತು. ಜೀವಮಾನವೆಲ್ಲ ಒಲೆಯ ಮುಂದೆ ಚಕ್ಕಂಬಕ್ಕಲು ಹಾಕಿ ಕುಳಿತು ಜೋಳದ ರೊಟ್ಟಿ ಬಡಿದವಳಿಗೆ ಈಗ ನಿಂತು ಅಡುಗೆ ಮಾಡುವ ಪ್ರಸಂಗ ಬಂತು. ಹೋಟ್ಲಿನವರು ನಿಂತು ಬೇಯಿಸುತ್ತಾರೆ, ಗೃಹಸ್ಥರು ಕೂತು ಬೇಯಿಸುತ್ತಾರೆ ಎಂದು ಮೂರು ಹೊತ್ತೂ ನನಗೆ ಕೇಳಿಸುವಂತೆ ಹೇಳಿಕೊಂಡಳು. ನೀಲಿ ಜ್ವಾಲೆಯನ್ನಂತೂ ಅವಳು ಬೆಂಕಿಯೆಂದು ಲೆಕ್ಕಕ್ಕೇ ಹಿಡಿಯಲಿಲ್ಲ. ಅದು ಚಳಿಗೆ ನೀಲಿಗಟ್ಟಿದ ಬೆಂಕಿಯಂತೆ. ಸ್ವತಃ ತಾನೇ ನಡುಗುತ್ತಿರುವುದು ರೊಟ್ಟಿಯನ್ನೇನು ಉಬ್ಬಿಸೀತು? ಆದರೂ ಸೊಸೆಯ ಎದೆಯ ಗುರಗುರ ಸದ್ದು ಅವಳ ಕಿವಿಯಲ್ಲೂ ಇತ್ತಾಗಿ, ಎರಡು ಷರತ್ತುಗಳ ಮೇಲೆ ಒಪ್ಪಿದಳು. ಬೆಳಗಿನ ಮೊದಲ ಬೆಂಕಿ ಹೊತ್ತಿಸುವವಳು ತಾನೇ, ಬೇರೆ ಯಾರೂ ಅಲ್ಲ. ಮತ್ತು ತಾನು ಒಲೆಗೆ ಕೈಮುಗಿದು ನಿಂತಾಗ ಯಾರಾದರೂ ನಡುವೆ ಬಾಯಿ ಹಾಕಿದರೆ ಆ ದಿನವೇ ಗ್ಯಾಸು ವಾಪಸ್ಸು, ಹತ್ತಿಕಟ್ಟಿಗೆ ಒಳಗೆ. ಮೂಲೆಯ ಮಣ್ಣಿನ ಒಲೆಯನ್ನು ಒಡೆಯಗೊಡಲಿಲ್ಲ. ವಾರಕ್ಕೊಮ್ಮೆ ಸಾರಿಸಿ, ಕೆಮ್ಮಣ್ಣು ಬಳಿದು, ಅದನ್ನು ಸಿದ್ಧವಾಗಿ ಇಟ್ಟಿದ್ದಳು.

ಇನ್ನು ಅವ್ವನ ಪದ್ಧತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ನಮ್ಮೆಲ್ಲರ ಪ್ರಾಣ ಆ ಪದ್ಧತಿಯ ಒಳಗೇ ಇತ್ತು. ಹಳೆಯ ಒಲೆಯಲ್ಲಿ ರಾತ್ರಿಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಬೂದಿ ಕೆದರಿ ಕಟ್ಟಿಗೆ ಇಡುತ್ತಿದ್ದಳು. ಕಟ್ಟಿಗೆ ಸಣ್ಣಗೆ ಹೊಗೆಯಾಡುತ್ತಿರುವಾಗ ಕಣ್ಣು ಮುಚ್ಚಿ ಶಿವಾಯ ನಮಃ ಎಂದು ಜಪಿಸುತ್ತಿದ್ದಳು. ಜಪ ಮುಗಿದ ಮೇಲೆ ಊದುಗೊಳವೆಯಲ್ಲಿ ಒಂದೇ ಒಂದು ಉಸಿರು. ಒಲೆ ಭಗ್ಗೆಂದು ಹೊತ್ತಿಕೊಳ್ಳುತ್ತಿತ್ತು. ಉರುವಲು, ಜಪ, ಜ್ವಾಲೆ: ಇದು ಅನುಕ್ರಮ. ಆ ಭಗ್ಗೆನ್ನುವ ಸದ್ದೇ ಆ ದಿನದ ಆಶೀರ್ವಾದ. ಈಗ ಅದೇ ಅನುಕ್ರಮವನ್ನು ಅವ್ವ ಚಾಚೂ ತಪ್ಪದೆ ಗ್ಯಾಸಿಗೆ ಅನ್ವಯಿಸಿದಳು. ಒಲೆಯ ತಿರುಗುವ ಗುಂಡಿಗೆ ಅವಳು ಕಿವಿ ಎಂದು ಹೆಸರಿಟ್ಟಿದ್ದಳು. ಮೊದಲು ಕಿವಿ ಹಿಂಡುವುದು, ಅದು ಕಟ್ಟಿಗೆ ಇಟ್ಟಂತೆ. ಆಮೇಲೆ ಕಣ್ಣು ಮುಚ್ಚಿ ಜಪ. ಜಪ ಮುಗಿದ ಮೇಲೆ ಕಡ್ಡಿ ಗೀರುವುದು. ಭಗ್. ಕಟ್ಟೆಯ ಮೇಲಿನ ಪಾತ್ರೆಗಳು ಕಿಣಿಕಿಣಿ ಎನ್ನುವಷ್ಟು ಜೋರಾಗಿ ಆಶೀರ್ವಾದ ಬರುತ್ತಿತ್ತು. ಹತ್ತಿಕಟ್ಟಿಗೆಗಿಂತಲೂ ಜೋರು. ಗ್ಯಾಸಿನ ಬಗ್ಗೆ ಅವ್ವನ ಮನಸ್ಸು ನಿಧಾನವಾಗಿ ಕರಗತೊಡಗಿದ್ದೇ ಈ ಸದ್ದಿನಿಂದ.

ಜೊತೆಗೆ ದಿನವೂ ಬರ್ನರಿನ ಮೇಲೆ ವಿಭೂತಿ, ಅದರ ಮೇಲೆ ಒಂದು ಚಿಟಿಕೆ ಕುಂಕುಮ. ಬರ್ನರಿನ ಸಣ್ಣ ತೂತುಗಳು ಒಂದೊಂದಾಗಿ ಕಟ್ಟಿಕೊಳ್ಳುತ್ತ, ನೀಲಿ ಜ್ವಾಲೆ ಹಳದಿಯಾಗಿ ತುಯ್ದಾಡತೊಡಗಿತು, ಪಾತ್ರೆಗಳ ತಳ ಮಸಿಯಾಯಿತು. ಅವ್ವನಿಗೆ ಪರಮಾನಂದ. ಈಗ ಬೆಂಕಿ ಬೆಂಕಿಯ ಹಾಗೆ ಕಾಣುತ್ತಿದೆ, ನಮ್ಮ ಮನೆಗೆ ಹೊಂದಿಕೊಂಡಿತು ಎಂದು ಪಕ್ಕದ ಮನೆಯವರನ್ನು ಕರೆದು ತೋರಿಸಿದಳು.

ಒಲೆಯ ಜೊತೆ ಬಂದಿದ್ದ ಸೂಚನಾಪತ್ರವನ್ನು ನಾನು ಓದಿದ್ದೆ. ಓದಿದ್ದಷ್ಟೇ ಅಲ್ಲ, ಅವ್ವನ ಅನುಕೂಲಕ್ಕಾಗಿ ಅದನ್ನು ಅಚ್ಚಗನ್ನಡಕ್ಕೆ ತಿರುಗಿಸಿ, ಊಟವಾದ ಮೇಲೆ ಗಂಭೀರವಾದ ಕಂಠದಲ್ಲಿ ಪಾರಾಯಣ ಮಾಡಿದೆ. ಅಗ್ನಿಶಲಾಕೆಯನ್ನು ಮೊದಲು ಪ್ರಜ್ವಲಿಸಿ, ತದನಂತರ ಅನಿಲ ನಿಯಂತ್ರಕವನ್ನು ವಿಮೋಚಿಸತಕ್ಕದ್ದು ಎಂಬಲ್ಲಿಗೆ ಬರುವಷ್ಟರಲ್ಲಿ ಅವ್ವ ತಲೆಬಾಗಿ ಕುಳಿತಿದ್ದಳು. ಪುರಾಣಶ್ರವಣದ ಭಕ್ತಿಯೆಂದುಕೊಂಡೆ. ನಿದ್ದೆ. ನನ್ನ ವಿದ್ಯಾರ್ಥಿಗಳಲ್ಲೂ ಇದೇ ಭಂಗಿಯನ್ನು ಬಹಳ ವರ್ಷ ನೋಡಿದ್ದರಿಂದ ಮುಜುಗರವೇನೂ ಆಗಲಿಲ್ಲ. ಗಿರಿಜ ಮಾತ್ರ ಸದ್ದಿಲ್ಲದೆ ಆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗಿ, ಮರುದಿನ ಸೋಪಿನ ನೊರೆಯನ್ನು ರಬ್ಬರಿನ ಕೊಳವೆಗೆ ಬಳಿದು ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದಳು. ಕೊಳವೆ ಗಟ್ಟಿಯಾಗಿತ್ತು. ಸೋರುತ್ತಿದ್ದುದು ಅವ್ವನ ಜಪದಲ್ಲಿ. ಅದನ್ನು ಹೇಳುವುದು ಹೇಗೆ? ಹೇಳಿದರೆ ಹೊಗೆ, ಹೇಳದಿದ್ದರೆ ಬೆಂಕಿ. ದಿನವೂ ಬೆಳಿಗ್ಗೆ ಬಟ್ಟೆಮಿಲ್ಲಿನ ಸೈರನ್ ಕೂಗು ಕೇಳಿದ ತಕ್ಷಣ ಎದ್ದು, ಅಡುಗೆಮನೆಯ ಕಿಟಕಿಯನ್ನು ಪೂರ್ತಿ ತೆರೆದಿಟ್ಟು ಬರುವುದನ್ನು ಅವಳು ಅಭ್ಯಾಸ ಮಾಡಿಕೊಂಡಳು. ಗಾಳಿ ಬರಲಿ ಅಂತ, ಅತ್ತೀ, ಎನ್ನುತ್ತಿದ್ದಳು. ಅವ್ವ ಧೂಳು ಬರುತ್ತದೆಂದು ಮುಚ್ಚುತ್ತಿದ್ದಳು. ಅವಳು ಮತ್ತೆ ತೆರೆಯುತ್ತಿದ್ದಳು.

ಹೀಗಿರುವಾಗ ಶ್ರಾವಣ ಬಂತು. ಶ್ರಾವಣದ ಸೋಮವಾರಗಳಲ್ಲಿ ಅವ್ವನ ಜಪ ಉದ್ದವಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಮೊದಲೇ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ಆ ಬೆಳಿಗ್ಗೆ ನಾನು ನನ್ನ ಖಾಯಂ ಸ್ಥಾನವಾದ ಬಾಗಿಲಲ್ಲಿದ್ದೆ. ಅವ್ವ ಕಿವಿ ಹಿಂಡಿದಳು, ಸುಸ್ಸೆಂದಿತು, ಕಣ್ಣು ಮುಚ್ಚಿದಳು. ಮಳೆಯೆಂದು ಕಿಟಕಿಯನ್ನು ಆಗಲೇ ಭದ್ರವಾಗಿ ಮುಚ್ಚಿದ್ದಳು. ಜಪ ನಡೆಯಿತು. ನಡೆಯುತ್ತಲೇ ಇತ್ತು. ವಾಸನೆ ಬಾಗಿಲಿಗೆ ಬಂತು. ನಾನು ಬಾಯಿ ತೆರೆದೆ, ಷರತ್ತು ನೆನಪಾಗಿ ಮುಚ್ಚಿದೆ, ಮತ್ತೆ ತೆರೆದೆ; ನೀರಿನಿಂದ ಹೊರತೆಗೆದ ಮೀನು ಇದಕ್ಕಿಂತ ಹೆಚ್ಚು ಉಪಯುಕ್ತವಾದ ಕೆಲಸ ಮಾಡುತ್ತದೆ. ಅಷ್ಟರಲ್ಲಿ ಗಿರಿಜ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ, ಅವ್ವನ ಸೆರಗಿಗೂ ತಾಗದಂತೆ ಕೈ ಚಾಚಿ, ಕಿವಿಯನ್ನು ಹಿಂದಕ್ಕೆ ತಿರುಗಿಸಿ, ಕಿಟಕಿಯ ಚಿಲಕ ತೆಗೆದು, ಗೋಡೆಗೆ ಸರಿದು ನಿಂತಳು.

ಮಳೆಗಾಳಿ ಒಳಗೆಲ್ಲ ಆಡಿ ವಾಸನೆ ತೆಳುವಾದ ಮೇಲೆ ಅವ್ವ ಜಪ ಮುಗಿಸಿ, ಕಣ್ಣು ತೆರೆದು ಕಡ್ಡಿ ಗೀರಿದಳು. ಏನೂ ಇಲ್ಲ. ಇನ್ನೊಂದು ಗೀರಿದಳು. ಕಡ್ಡಿ ಬೆರಳಿನ ತನಕ ಉರಿದು ಆರಿತು. ಶ್ರಾವಣ ಸೋಮವಾರದ ದಿನ ಬೆಂಕಿ ಬರಲೊಲ್ಲದು. ಅವ್ವ ಕಡ್ಡಿಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು, ಹೋಗಿ ಮಣ್ಣಿನ ಒಲೆಯ ಮುಂದೆ ಕುಳಿತುಬಿಟ್ಟಳು.

"ಮಾವಗ ಹೇಳಿ ಕಳಿಸು," ಎಂದಳು ನನಗೆ. "ಗಾಡಿ ಹೊಡಸ್ಲಿ. ನಮ್ಮ ಮನಿ ನೀರು ಅದಕ್ಕ ಒಗ್ಗಲಿಲ್ಲ."

ನಾನು ಅನಿಲದ ಭೌತಿಕ ಗುಣಧರ್ಮಗಳನ್ನು ಕುರಿತು ಒಂದು ವಾಕ್ಯವನ್ನು ಪ್ರಾರಂಭಿಸಿದೆ. ಗಿರಿಜ ನೀವು ಸುಮ್ಕಿರ್ರಿ ಎಂದಳು. ಆಮೇಲೆ ಅವ್ವನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು.

"ಅತ್ತೀ, ಕಿವಿ ತಿರುವಿದ್ದು ನಾನು. ನೀವು ಕಣ್ಣು ಮುಚ್ಚಿದಾಗ. ದಿನಾ ಭಗ್ ಅಂತೈತಲ್ಲ, ಅದು ದೇವರಲ್ರಿ. ನೀವು ಜಪ ಮಾಡೋ ಅಷ್ಟೊತ್ತೂ ಗ್ಯಾಸು ಹೊರಗ ಬಂದು ಕಾದು ನಿಂತಿರ್ತೈತಿ. ಕಡ್ಡಿ ಕಂಡಕೂಡ್ಲೆ ಒಮ್ಮೆಲೆ ಹೊತ್ಕಂತೈತಿ."

 ಅವ್ವನ ಕೈ ತನ್ನಷ್ಟಕ್ಕೆ ತಾನೇ ಮೇಲೆದ್ದು ಹಣೆಯ ಮೇಲೆ ಏನನ್ನೋ ಹುಡುಕಿತು.

"ಹಂಗಾರೆ ನನ್ನ ಹುಬ್ಬು ಹೋಗಿದ್ದು ವಯಸ್ಸಿಗಲ್ಲೇನು?"

ಗಿರಿಜ ತಲೆ ತಗ್ಗಿಸಿದಳು. ನಗು ತಡೆಯಲೋ, ಅಳು ತಡೆಯಲೋ ನನಗೆ ಇಂದಿಗೂ ಗೊತ್ತಿಲ್ಲ.

"ಬಾಯಿ ಬಿಟ್ಟು ಹೇಳಾಕೇನಾಗಿತ್ತು?"

"ಹೇಳಿದ್ರ ಕಟ್ಟಿಗಿ ತರಸ್ತೀನಿ ಅಂದಿದ್ರಿ."

"ಈಗ ಹೇಳಿದಲ್ಲ. ಈಗ ತರಸಿದ್ರ?"

"ತರಸ್ರಿ," ಎಂದಳು ಗಿರಿಜ. "ನನಗ ದಮ್ಮು ಬಂದ್ರ ಹರಿಹರಕ್ಕ ಹೋಗಿರ್ತೀನಿ. ನೀವು ಮೈ ಸುಟ್ಕೊಂಡ್ರ ಎಲ್ಲಿಗೆ ಹೋಗ್ತೀರಿ?"

ಹೊರಗೆ ಮಳೆ ಸಣ್ಣಗೆ ಹುಯ್ಯುತ್ತಿತ್ತು. ಅವ್ವ ಸೊಸೆಯನ್ನೇ ನೋಡುತ್ತ ಕುಳಿತಳು. ಅವಳು ಮನೆಗೆ ಬಂದ ದಿನ ಕೂಡ ಅಷ್ಟು ನಿಧಾನವಾಗಿ ನೋಡಿರಲಿಕ್ಕಿಲ್ಲ. ಆಮೇಲೆ ಮೊಳಕಾಲಿಗೆ ಕೈಯೂರಿ ಎದ್ದು, ಕಿಟಕಿಯ ಎರಡನೆಯ ಬಾಗಿಲನ್ನೂ ತಾನೇ ತೆಗೆದಳು. ವಾಸನೆ ಪೂರ್ತಿ ಹೋಗುವ ತನಕ ಮೂವರೂ ಕಾದು ನಿಂತೆವು. ಕಡ್ಡಿಪೆಟ್ಟಿಗೆಯನ್ನು ಅವ್ವ ಗಿರಿಜಳ ಕೈಗಿಟ್ಟಳು. "ನೀ ಗೀರು. ನಾ ತಿರುವ್ತೀನಿ," ಎಂದಳು. ಒಲೆ ಹೊತ್ತಿತು, ಭಗ್ಗೆನ್ನಲಿಲ್ಲ. ಆದರೆ ಒಂದು ಪಕ್ಕ ಉರಿದರೆ ಇನ್ನೊಂದು ಪಕ್ಕ ಇಲ್ಲ, ಅಲ್ಲಲ್ಲಿ ಹಲ್ಲುದುರಿದ ಬಾಯಿಯ ಹಾಗೆ ಕಂಡಿತು. ಗಿರಿಜ ಆರಿಸಿ, ತಣ್ಣಗಾದ ಮೇಲೆ ಬರ್ನರನ್ನು ಕಳಚಿ, ಸೆರಗಿನ ಪಿನ್ನಿನಿಂದ ತೂತುಗಳೊಳಗಿನ ವಿಭೂತಿಯನ್ನು ಕೆದಕಿ ಅಂಗೈಯಲ್ಲಿ ಉದುರಿಸಿದಳು. ಅವ್ವ ಅದನ್ನು ಚೆಲ್ಲಗೊಡಲಿಲ್ಲ. ಇಬ್ಬರೂ ಹಣೆಗೆ ಹಚ್ಚಿಕೊಂಡರು. ಮರುದಿನದಿಂದ ವಿಭೂತಿಯ ಜಾಗ ಒಲೆಯ ಹಿಂದಿನ ಗೋಡೆ. ಜಪದ ಜಾಗ, ಜ್ವಾಲೆ ಬಂದ ಮೇಲೆ.

ಇನ್ನೊಂದು ಬದಲಾವಣೆಯೂ ಆಯಿತು: ಬೆಳಗಿನ ಬೆಂಕಿಯನ್ನು ಒಬ್ಬರೇ ಹೊತ್ತಿಸುವ ಪದ್ಧತಿ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಗಿರಿಜ ಗೀರಬೇಕು, ಅವ್ವ ತಿರುವಬೇಕು. ಒಬ್ಬರು ಮುನಿಸಿಕೊಂಡ ದಿನ ಇನ್ನೊಬ್ಬರು ಕಡ್ಡಿಯನ್ನೋ ಕಿವಿಯನ್ನೋ ಹಿಡಿದು ಕಾಯುತ್ತಿದ್ದರು. ಹಸಿವಾದ ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಅತ್ತೆ ಸೊಸೆಯರ ಎಷ್ಟು ಜಗಳಗಳು ಕಾಫಿಯ ಹೊತ್ತಿಗೆ ರಾಜಿಯಾದವೋ, ಇತಿಹಾಸಕಾರನಾಗಿಯೂ ನಾನು ದಾಖಲಿಸಲಿಲ್ಲ.

ಆ ದೀಪಾವಳಿ ಕಳೆದು ಚಳಿ ಶುರುವಾದಾಗ ಗಿರಿಜಳ ತವರಿಗೂ ಗ್ಯಾಸು ಬಂತು. ನೋಡಿಕೊಂಡು ಬರಲು ಮೂವರೂ ಹರಿಹರಕ್ಕೆ ಹೋದೆವು. ನಮ್ಮ ಬೀಗಿತ್ತಿ, ಅಂದರೆ ಗಿರಿಜಳ ತಾಯಿ, ಹೊಸ ಒಲೆಯ ಮುಂದೆ ಸಡಗರದಿಂದ ನಿಂತು, ಗುಂಡಿ ತಿರುಗಿಸಿ, ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು. ಅವ್ವ ಒಂದೇ ಹೆಜ್ಜೆಗೆ ಹೋಗಿ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದಳು.

"ಮೊದ್ಲು ಕಡ್ಡಿ ಗೀರ್ರಿ, ಬೀಗಿತ್ತೇರ," ಎಂದಳು. "ಶಿವ ಎಲ್ಲಿಗೂ ಹೋಗಂಗಿಲ್ಲ. ಕಾಯ್ತಾನ."

ಊಟವಾಯಿತು. ಎಲೆಯಡಿಕೆಯ ಹೊತ್ತಿಗೆ ಬೀಗಿತ್ತಿ, ಹೇಗೂ ಚಳಿ ಬಂತಲ್ಲ, ಹೋದ ವರ್ಷದ ಹಾಗೆ ಗಿರಿಜ ಇಲ್ಲೇ ಇರಲಿ, ದಮ್ಮು ಇಳಿದ ಮೇಲೆ ಕಳಿಸಿಕೊಡುತ್ತೇವೆ ಎಂದು ಮಾತು ತೆಗೆದರು. ಗಿರಿಜ ನನ್ನ ಮುಖ ನೋಡಿದಳು. ನಾನು ವಾಡಿಕೆಯಂತೆ ಬಾಯಿ ತೆರೆಯುವ ಮೊದಲು ಒರಗಲು ಒಂದು ಬಾಗಿಲು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವ್ವ ಸುಣ್ಣದ ಬೆರಳನ್ನು ಎಲೆಗೆ ಒರೆಸುತ್ತ, ತಲೆ ಎತ್ತದೆಯೇ ಹೇಳಿದಳು:

"ಆಗಂಗಿಲ್ಲ್ರಿ. ಬೆಳಗೆದ್ರೆ ಕಡ್ಡಿ ಗೀರೋರು ಯಾರು ಅದಾರ ನಮ್ಮನಿಯಾಗ?"