ತಲೆಗೆ ಕಪ್ಪು, ಹೊಟ್ಟೆಗೆ ನೀಲಿ

ಗಂಡ ತೀರಿಹೋಗಿ ಐದು ತಿಂಗಳಾಗಿತ್ತು. ಟೈರ್ ಅಂಗಡಿಯ ಬಾಗಿಲನ್ನು ಈಗ ಅವಳೇ ತೆಗೆಯುತ್ತಿದ್ದಳು. ಪಂಕ್ಚರ್ ಹಾಕುವುದು ಅವಳಿಗೆ ಮೊದಲಿನಿಂದಲೂ ಗೊತ್ತು. ಕೈಕೊಟ್ಟದ್ದು ಗಾಳಿ ತುಂಬುವ ಹಳೆಯ ಕಂಪ್ರೆಸರ್. ಅರ್ಧ ಗಂಟೆ ಓಡಿದರೆ ತಲೆ ಕಾದು ತಾನಾಗಿಯೇ ನಿಂತುಬಿಡುತ್ತಿತ್ತು. ಕಾರಿನವರು ಕಾದು ಕಾದು ಮುಂದಿನ ಅಂಗಡಿಗೆ ಹೋಗುತ್ತಿದ್ದರು.

"ಗುಜರಿಗೆ ಹಾಕಿ ಅತ್ತಿಗೆ," ಎಂದ ಮೈದುನ. "ಅಂಗಡಿ ಬೇರೆಯವರಿಗೆ ಕೊಟ್ಬಿಡೋಣ. ಮನೇಲಿ ಆರಾಮಾಗಿರಿ."

"ಮನೇಲಿ ಕೂತು ಏನ್ ಮಾಡ್ಲಿ? ಗೋಡೆ ನೋಡ್ಲಾ?"

"ಭಾನುವಾರ ಬರ್ತೀನಿ. ಇದು ಒಂದು ಗಂಟೆ ನಿಲ್ಲದೆ ಓಡಿದ್ರೆ ಬಾಯಿ ಮುಚ್ಕೊಂಡು ಹೋಗ್ತೀನಿ."

ಅವಳು ಕರೆಸಿದ ಮೆಕ್ಯಾನಿಕ್ ಯಂತ್ರ ಬಿಚ್ಚಿ ನೋಡಿದ. "ಒಳಗೆಲ್ಲ ಚೆನ್ನಾಗೇ ಇದೆ ಅಕ್ಕ. ತಲೆ ಮೇಲಿನ ಈ ರೆಕ್ಕೆಗಳ ಸಂದೀಲಿ ಗಾಳಿ ಆಡ್ಬೇಕು. ಇಲ್ಲಿ ಬ್ಲೇಡೂ ತೂರಲ್ಲ. ಬರೀ ಬಣ್ಣ. ಇದನ್ನೆಲ್ಲ ಕೆರೆದು, ಶಾಖ ತಡೆಯೋ ಬಣ್ಣ ಹಚ್ಚಿ."

ಬಣ್ಣ ಗಂಡನದು. ವರ್ಷಕ್ಕೊಮ್ಮೆ ಬಾಗಿಲಿಗೆ ಹಚ್ಚುವ ನೀಲಿಯನ್ನೇ ಯಂತ್ರಕ್ಕೆ ಮುಡಿಯಿಂದ ಅಡಿಯವರೆಗೆ ಬಳಿಯುತ್ತಿದ್ದ. ತಲೆಯ ಮೇಲಿನದು ಸುಟ್ಟು ನಾರುತ್ತಿತ್ತು. ಅದರ ಮೇಲೆಯೇ ಮತ್ತೆ ಬಳಿಯುತ್ತಿದ್ದ. ಆ ಸುಟ್ಟ ವಾಸನೆ ಸಂಜೆ ಅವನಿಗಿಂತ ಮೊದಲು ಮನೆಯೊಳಗೆ ಬರುತ್ತಿತ್ತು. ಅದು ಬಂತೆಂದರೆ ಅವಳು ಒಲೆಯ ಮೇಲೆ ನೀರಿಡುತ್ತಿದ್ದಳು.

ಬಣ್ಣದಂಗಡಿಗೆ ಹೋಗಿ ಶಾಖ ತಡೆಯುವ ನೀಲಿ ಕೇಳಿದಳು.

"ನೀಲಿ ನನ್ನ ಹತ್ರ ಇಲ್ಲಮ್ಮ. ಕಪ್ಪು, ಬೆಳ್ಳಿ, ಎರಡೇ. ಆರುನೂರು ಡಿಗ್ರೀದು ಸೈಲೆನ್ಸರ್‌ಗೆ. ನಿಮ್ಮದಕ್ಕೆ ಮುನ್ನೂರರದು ಧಾರಾಳ."

"ನೀಲಿ ಇಲ್ದಿದ್ರೆ ಬೇಡ," ಎಂದು ಬರಿಗೈಯಲ್ಲಿ ಬಂದಳು.

ಬಂದವಳು ಸುಮ್ಮನಿರಲಾರದೆ ತಂತಿ ಬ್ರಷ್ ಹಿಡಿದು ಕೆರೆಯಲು ಕೂತಳು. ಮೂರು ದಿನ ಕೆರೆದಳು. ನೀಲಿಯ ಕೆಳಗೆ ನೀಲಿ, ಅದರ ಕೆಳಗೂ ನೀಲಿ. ಎದ್ದ ಒಂದು ಚಕ್ಕೆಯ ಅಂಚಿನಲ್ಲಿ ಎಣಿಸಿದರೆ ಹದಿನೆಂಟು ನೀಲಿ ಪದರ. ಎಲ್ಲಕ್ಕಿಂತ ಅಡಿಯಲ್ಲಿ ಕಾರ್ಖಾನೆಯದು, ತೆಳ್ಳನೆಯ ಕಪ್ಪು.

"ಅಲ್ಲ ಪುಣ್ಯಾತ್ಮಾ," ಎಂದಳು ಖಾಲಿ ಅಂಗಡಿಯಲ್ಲಿ, "ಹದಿನೆಂಟು ಸಲ ಬಳಿದ್ರಿ. ಒಂದು ಸಲನಾದ್ರೂ ಕೆರೀಬೇಕು ಅನ್ನಿಸ್ಲಿಲ್ವಾ? ಉಸಿರು ಕಟ್ಟಿಸಿಟ್ಟಿದ್ದೀರಲ್ಲ ಇದಕ್ಕೆ."

ಅವನು ಸತ್ತ ಮೇಲೆ ಅವನ ಮೇಲೆ ಕೋಪ ಬಂದದ್ದು ಅದೇ ಮೊದಲು. ಕೋಪ ಇಳಿಯುವಾಗ ಅಳು ಬಂತು. ಅತ್ತಳು. ಮುಖ ತೊಳೆದು ಮತ್ತೆ ಬಣ್ಣದಂಗಡಿಗೆ ಹೋದಳು.

"ಕಪ್ಪೇ ಕೊಡಿ."

"ತೆಳ್ಳಗೆ ಎರಡು ಸಲ ಹಚ್ಚಿ, ಸಾಕು. ಪ್ರೀತಿ ಜಾಸ್ತಿ ಮಾಡ್ಬೇಡಿ," ಎಂದ ಅಂಗಡಿಯವನು. "ಒಣಗಿದ ಮೇಲೆ ಹತ್ತು ನಿಮಿಷ ಓಡಿಸಿ ಆರೋಕೆ ಬಿಡಿ. ಆಮೇಲೆ ಇಪ್ಪತ್ತು. ಆಮೇಲೆ ಅರ್ಧ ಗಂಟೆ. ಹಾಗೆ ಕಾದೇ ಗಟ್ಟಿಯಾಗೋದು ಅದು. ಮೊದಲೆರಡು ಸಲ ನಾತ ಬರುತ್ತೆ. ಆಮೇಲೆ ಬರಲ್ಲ."

ತಲೆಗೆ ಕಪ್ಪು ಹಚ್ಚಿದಳು. ಕೆಳಗಿನ ಹೊಟ್ಟೆಯಂಥ ಗಾಳಿ ಟ್ಯಾಂಕು ಅಷ್ಟು ಕಾಯುವುದಿಲ್ಲ, ಅದರ ನೀಲಿಯನ್ನು ಹಾಗೇ ಬಿಟ್ಟಳು. ಶನಿವಾರ ಹತ್ತು ನಿಮಿಷ ಓಡಿಸಿದಾಗ ವಾಸನೆ ಬಂತು. ಹತ್ತಿರ ಹೋಗಿ ನಿಂತಳು. ಇಪ್ಪತ್ತು ನಿಮಿಷಕ್ಕೆ ಕಡಿಮೆ ಬಂತು. ಮೂರನೆಯ ಸಲ ಮೂಗು ಒಡ್ಡಿದರೂ ಬರಲಿಲ್ಲ.

ಭಾನುವಾರ ಮೈದುನ ಗೋಡೆ ಗಡಿಯಾರದ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತ. ಗಂಟೆ ದಾಟಿತು. ಯಂತ್ರ ಓಡುತ್ತಲೇ ಇತ್ತು.

"ನಿಲ್ಲಲೇ ಇಲ್ವಲ್ಲ ಅತ್ತಿಗೆ," ಎಂದ. "ಅಣ್ಣ ಇದ್ದಾಗ ಇಲ್ಲಿ ಮೂಗು ಮುಚ್ಕೊಳ್ದೆ ಕೂರೋಕಾಗ್ತಿರ್ಲಿಲ್ಲ. ಈಗ ವಾಸನೇನೂ ಇಲ್ಲ."

"ಇಲ್ಲ," ಎಂದಳು.

ಹೊರಗೆ ಕಾರೊಂದು ನಿಂತಿತು. "ಗಾಳಿ ಇದೆಯಾ?" ಎಂದು ಕೇಳಿದರು.

"ಇದೆ. ಮುಂದೆ ತನ್ನಿ."