ಎಮ್ಮೆಯ ಮೇಲೆ ಬರೆದ ಮಾತು

ನನ್ನ ಮಗಳು ಬ್ಲಾಗು ಬರೆಯುತ್ತಾಳೆ. ಅದರಲ್ಲಿ ಏನೋ ಬರೆದಿದ್ದಳಂತೆ, ಯಾರೋ ದೂರು ಕೊಟ್ಟು ತೆಗೆಸಿಬಿಟ್ಟರಂತೆ. ಆ ಸಿಟ್ಟಿಗೆ ಸರಿಯಾಗಿ ಊಟ ಮಾಡಲಿಲ್ಲ. ಸಮಾಧಾನ ಹೇಳಲು ಹೋದರೆ, "ನಿಂಗೇನಮ್ಮಾ ಗೊತ್ತು ವಾಕ್ ಸ್ವಾತಂತ್ರ್ಯ ಅಂದ್ರೆ?" ಎಂದು ನನ್ನ ಮೇಲೇ ರೇಗಿದಳು. ನನಗೆ ಗೊತ್ತಿಲ್ಲವಾ? ಇವಳು ಹುಟ್ಟುವ ಮೊದಲೇ ನನ್ನ ಬರಹವನ್ನು ಊರಿನ ಪ್ರಧಾನರು ಅಳಿಸಿದ್ದರು, ಹಲಗೆಯನ್ನೇ ಕಿತ್ತುಕೊಂಡು ಹೋಗಿದ್ದರು, ಕೊನೆಗೆ ನಾನು ಎಮ್ಮೆಯ ಮೇಲೆ ಬರೆದಿದ್ದೆ. ಹೇಳಿದರೆ ಮಗಳು ನಂಬಲಿಲ್ಲ. ನೀವಾದರೂ ನಂಬಿ.

ಎಂಬತ್ತರ ದಶಕದ ಕೊನೆಯ ಮಾತು. ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮೂರಿನ ಹಾಲಿನ ಡೇರಿಯಲ್ಲಿ ನನಗೆ ಹಾಲಿನಲ್ಲಿ ಫ್ಯಾಟು, ಅಂದರೆ ಕೊಬ್ಬು, ಎಷ್ಟಿದೆ ಎಂದು ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಸಂಜೆ ಊರೆಲ್ಲ ಕ್ಯಾನು ಹಿಡಿದು ಸಾಲು ನಿಲ್ಲುತ್ತಿತ್ತು. ಗೋಡೆಗೆ ಒಂದು ಕರಿಹಲಗೆ ನೇತು ಹಾಕಿದ್ದರು. ಮೇಲಿನ ಅರ್ಧದಲ್ಲಿ ಹಾಲಿನ ದರ ಬರೆಯಬೇಕು. ಕೆಳಗಿನ ಅರ್ಧ ಖಾಲಿ ಇರುತ್ತಿತ್ತು. ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಮೊದಲ ದಿನ, "ಇವತ್ತಿನ ಹಾಲಿಗಿಂತ ಅದರೊಳಗಿನ ನೀರು ಚೆನ್ನಾಗಿತ್ತು" ಎಂದು ಬರೆದೆ. ಹೆಸರೇನೂ ಹಾಕಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡಿದವರು ಬಹಳ ಜನ. ಅದರಲ್ಲಿ ಪ್ರಧಾನರೂ ಒಬ್ಬರು. ಅವರು ಮಂಡಲ ಪಂಚಾಯ್ತಿಗೂ ಯಜಮಾನರು, ಡೇರಿಗೂ ಅಧ್ಯಕ್ಷರು. ಅವರ ಹಸು ಕೊಡುತ್ತಿದ್ದ ಹಾಲು ನನ್ನ ಪರೀಕ್ಷೆಯಲ್ಲಿ ಯಾವತ್ತೂ ಹಾಲು ಎನಿಸಿಕೊಂಡಿರಲಿಲ್ಲ. ಆಮೇಲೆ ದಿನಾ ಬರೆಯತೊಡಗಿದೆ: ಬೋರ್‌ವೆಲ್ ಕೆಟ್ಟಿದ್ದು, ಬಸ್ಸು ಬಾರದ್ದು, ಯಾರ ಮನೆಯ ಕೋಳಿ ಯಾರ ಮನೆಯ ಸಾರಾಯಿತು ಎಂಬುದು. ಜನರೂ ನನ್ನ ಸಾಲಿನ ಕೆಳಗೆ ತಮ್ಮ ಅಭಿಪ್ರಾಯ ಗೀಚುತ್ತಿದ್ದರು. ಒಬ್ಬ ತರಲೆ, "ನಿನ್ನ ಫ್ಯಾಟು ಎಷ್ಟಮ್ಮಾ?" ಎಂದು ಬರೆದ. "ಒಳಗೆ ಬಾ, ಪೊರಕೆ ಇದೆ, ಅಳೆದು ಹೇಳ್ತೀನಿ" ಎಂದು ಅದರ ಕೆಳಗೆ ಬರೆದೆ. ಬರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬಳು ವಿಧವೆ ಇದ್ದಳು. ನಾನು ದೊಡ್ಡಮ್ಮ ಅನ್ನುತ್ತಿದ್ದೆ. ಅವಳಿಗೆ ಇದ್ದದ್ದು ಒಂದು ಎಮ್ಮೆ, ಒಬ್ಬ ಮಗ. ಮಗ ಮಿಲಿಟರಿಯಲ್ಲಿ ಲಾರಿ ಡ್ರೈವರು. ಶ್ರೀಲಂಕಾಕ್ಕೆ ಹೋದ ಸೈನ್ಯದ ಜೊತೆ ಅವನನ್ನೂ ಕಳಿಸಿದ್ದರು. "ಲಂಕೆಗೆ ಹೋಗವ್ನೆ ನನ್ ಮಗ, ರಾಮದೇವ್ರು ಹೋದಂಗೆ" ಎಂದು ದೊಡ್ಡಮ್ಮ ಡೇರಿಯ ಸಾಲಿನಲ್ಲಿ ಹಿಂದಿನವರಿಗೂ ಮುಂದಿನವರಿಗೂ ಹೇಳುತ್ತಿದ್ದಳು. ಆಮೇಲೆ ಅವನ ಕಾಗದ ಬರುವುದು ನಿಂತುಹೋಯಿತು.

ಒಂದು ಬೆಳಿಗ್ಗೆ ಪ್ರಧಾನರು ಪೇಪರು ಹಿಡಿದುಕೊಂಡು ಡೇರಿಗೆ ಬಂದರು. ಮೂಲೆಯಲ್ಲಿ ಚಿಕ್ಕ ಸುದ್ದಿ: ದೊಡ್ಡಬಳ್ಳಾಪುರ ತಾಲ್ಲೂಕಿನ ಯೋಧ ವೀರಮರಣ. ಹೆಸರು ದೊಡ್ಡಮ್ಮನ ಮಗನದೇ. ಊರಿನ ಹೆಸರು ಹಾಕಿರಲಿಲ್ಲ. ಆ ಹೆಸರು ಹೇಳಿ ಕೂಗಿದರೆ ನಮ್ಮ ಸಂತೆಯಲ್ಲಿ ಏಳೆಂಟು ಜನ ತಿರುಗಿ ನೋಡುತ್ತಾರೆ, ಅಷ್ಟು ಮಾಮೂಲಿ ಹೆಸರು. ಪ್ರಧಾನರಿಗೆ ಅದೆಲ್ಲ ಬೇಕಿರಲಿಲ್ಲ. ಹಾಲಿನ ಸಾಲಿನ ಎದುರಿಗೆ ನಿಂತು ಗಟ್ಟಿಯಾಗಿ ಓದಿಬಿಟ್ಟರು. ಹೆಂಗಸರು ಕ್ಯಾನು ಕೆಳಗಿಟ್ಟು ಅಳಲು ಶುರು ಮಾಡಿದರು.

ದೊಡ್ಡಮ್ಮ ಮಾತ್ರ ಅಳಲಿಲ್ಲ. "ತಂತಿ ಎಲ್ಲಿ?" ಎಂದಳು.

"ಪೇಪರ್‌ನಲ್ಲೇ ಬಂದೈತಲ್ಲವ್ವಾ," ಎಂದರು ಪ್ರಧಾನರು.

"ಮಿಲಿಟರಿಯೋರು ಸತ್ರೆ ಮನೆಗೆ ತಂತಿ ಬತ್ತದೆ. ನಂಗೆ ಬಂದಿಲ್ಲ. ನನ್ ಮಗ ಸತ್ತಿಲ್ಲ. ಹಾಲು ಅಳೆಯಮ್ಮಾ, ಹೊತ್ತಾಯ್ತು."

ದುಃಖಕ್ಕೆ ತಲೆ ಕೆಟ್ಟಿದೆ ಎಂದು ಊರು ತೀರ್ಮಾನಿಸಿತು. ನೆಂಟರು ತಿಥಿಯ ಮಾತೆತ್ತಿಕೊಂಡು ಬಂದರು. ದೊಡ್ಡಮ್ಮ ಅವರಿಗೆ ಕಾಫಿ ಕೊಟ್ಟು, "ಯಾರ ತಿಥಿ?" ಎಂದು ಕೇಳಿ ಕಳಿಸಿದಳು. ತಂತಿ ಬರುವ ತನಕ ನನ್ನ ಮಗನನ್ನು ಯಾರೂ ಸತ್ತವನು ಅನ್ನಕೂಡದು, ಇಷ್ಟೇ ಅವಳು ಕೇಳಿದ್ದು. ಆದರೆ ಅಷ್ಟನ್ನೂ ಕೊಡಲು ಪ್ರಧಾನರಿಗೆ ಆಗಲಿಲ್ಲ.

ಪಾಪ, ಅವರು ಕೆಟ್ಟವರಲ್ಲ. ಅವರ ಸಂಕಟ ಬೇರೆ. ಪಕ್ಕದ ಊರಿನ ಕೆರೆ ಏರಿಯ ಮೇಲೆ ಹಳೆಯ ಕಾಲದ ವೀರಗಲ್ಲು ಇತ್ತು. ಹಬ್ಬಕ್ಕೆ ಅದಕ್ಕೆ ಎಣ್ಣೆ ಹಚ್ಚಿ ಹೂ ಮುಡಿಸಿ ಮೆರೆಯುತ್ತಿದ್ದರು. ನಮ್ಮೂರಿಗೆ ವೀರಗಲ್ಲೇ ಇರಲಿಲ್ಲ. "ನಿಮ್ಮೂರ್ನಾಗೆ ಒಬ್ಬನೂ ಸತ್ತಿಲ್ವಾ?" ಎಂದು ಆ ಊರಿನವರು ಅಣಕಿಸುವುದು ತಲೆಮಾರುಗಳಿಂದ ನಡೆದುಬಂದಿತ್ತು. ಈಗ ಪೇಪರಿನಲ್ಲಿ ವೀರ ಸಿಕ್ಕ ಕೂಡಲೇ ಪ್ರಧಾನರು ಕೋಲಾರದ ಕಡೆಯ ಶಿಲ್ಪಿಗೆ ಕಲ್ಲು ಹೇಳಿಬಂದರು, ಶಾಸಕರನ್ನು ಉದ್ಘಾಟನೆಗೆ ಕರೆದುಬಂದರು. ಶಾಸಕರು ಬಂದರೆ ರಸ್ತೆಗೆ ಟಾರು ಬೀಳುತ್ತದೆ ಎಂಬ ಆಸೆಯೂ ಜೊತೆಗಿತ್ತು.

ಟ್ರಾಕ್ಟರಿನಲ್ಲಿ ಕಲ್ಲು ಬಂದಾಗ ನೋಡಲು ಊರೇ ಸೇರಿತು. ಆ ಶಿಲ್ಪಿ ಹಳೆಯ ವೀರಗಲ್ಲು ನೋಡಿಯೇ ಕೆತ್ತನೆ ಕಲಿತವನು. ನಮ್ಮ ಲಾರಿ ಡ್ರೈವರನಿಗೆ ಕುದುರೆ ಹತ್ತಿಸಿ, ಕೈಗೆ ಕತ್ತಿ ಕೊಟ್ಟು, ಕಿವಿಯವರೆಗೆ ಮೀಸೆ ಬಿಟ್ಟಿದ್ದ. ಮೇಲೆ ಇಬ್ಬರು ಅಪ್ಸರೆಯರು ಅವನ ರಟ್ಟೆ ಹಿಡಿದು ಸ್ವರ್ಗಕ್ಕೆ ಎಳೆದೊಯ್ಯುತ್ತಿದ್ದರು. ಕೆಳಗೆ ಹೆಸರು.

ದೊಡ್ಡಮ್ಮ ಬಂದು ಕಲ್ಲಿನ ಸುತ್ತ ಒಂದು ಸುತ್ತು ಹಾಕಿದಳು. "ಕುದುರೆ ಯಾಕಪ್ಪಾ? ನನ್ ಮಗ ಲಾರಿ ಓಡ್ಸೋನು."

"ಲಾರಿ ಕೆತ್ತಕ್ಕೆ ಬರಲ್ಲ ಅಂದ ಕಣವ್ವಾ," ಎಂದರು ಪ್ರಧಾನರು.

"ಇವರ್ಯಾರು, ಸೀರೆ ಸರಿಯಾಗಿ ಉಡದೋರು?"

ಪ್ರಧಾನರು ಅಪ್ಸರೆಯರ ಮೇಲೆ ಟವೆಲು ಹೊದಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅದೇ ಸಂಜೆ ಯಾರೋ ಆ ಕಲ್ಲಿಗೆ ಕುಂಕುಮ ಹಚ್ಚಿ ಊದುಬತ್ತಿ ಸಿಕ್ಕಿಸಿದ್ದನ್ನು ನೋಡಿದ ದೊಡ್ಡಮ್ಮನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಬದುಕಿರುವ ಮಗನಿಗೆ ಪೂಜೆ ಮಾಡಿ ಸಾಯಿಸುತ್ತಿದ್ದಾರೆ ಎಂದು ಅವಳಿಗೆ ಅನಿಸಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದೆ: "ತಂತಿ ಬಂದಿಲ್ಲ. ಕಲ್ಲಿಗೆ ಏನು ಅವಸರ? ತಾಲ್ಲೂಕು ಕಚೇರಿಗೆ ಹೋಗಿ ಒಂದು ಮಾತು ಕೇಳಿದವರು ಯಾರು?" ಕೆಳಗೆ ಜನ ಬರೆದದ್ದೇ ಬರೆದದ್ದು. "ಹೌದಲ್ವಾ" ಎಂದು ಒಬ್ಬ. "ಟಾರು ರೋಡಿಗೆ ಅಡ್ಡ ಬರಬೇಡ" ಎಂದು ಇನ್ನೊಬ್ಬ. "ಕುದುರೆಗೆ ಮೇವು ಯಾರು ಹಾಕ್ತಾರೆ?" ಎಂದು ಆ ಹಳೇ ತರಲೆ.

ಪ್ರಧಾನರು ಬಂದು ಹೆಗಲ ಮೇಲಿನ ಟವೆಲಿನಿಂದ ಎಲ್ಲ ಒರೆಸಿದರು. "ಏನಮ್ಮಾ, ಬೋರ್ಡು ನಿಮ್ಮಪ್ಪಂದಾ?"

"ನಿಮ್ಮಪ್ಪಂದೂ ಅಲ್ಲ. ಡೇರೀದು. ಒಂದ್ಸಲ ಹೋಗಿ ಕೇಳ್ಕೊಂಡ್ ಬರಕ್ಕೆ ಏನ್ರೀ ಕಷ್ಟ ನಿಮ್ಗೆ?"

ಅವರು ದನಿ ತಗ್ಗಿಸಿದರು. "ಕೇಳಕ್ಕೋಗಿ, ಸತ್ತೋನು ಅವ್ನಲ್ಲ ಅಂದ್ಬಿಟ್ರೆ? ಕಲ್ಲು ಬಂದ್ಬಿಟ್ಟೈತಲ್ಲ ತಾಯಿ."

ಮಾರನೆಯ ದಿನವೂ ಬರೆದೆ. ಮಾರನೆಯ ದಿನವೂ ಒರೆಸಿದರು. ಕೊನೆಗೆ ಹಲಗೆಯನ್ನೇ ಮೊಳೆ ಸಮೇತ ಕಿತ್ತು ಪಂಚಾಯ್ತಿ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಗೋಡೆಯ ಮೇಲೆ ಇದ್ದಿಲಲ್ಲಿ ಬರೆದರೆ ಸೆಗಣಿ ಸಾರಿಸಿದರು. ಹಾಲಿನ ದರವನ್ನು ಬಾಯಲ್ಲಿ ಹೇಳಿದರೆ ಸಾಕು ಎಂದು ಅಪ್ಪಣೆಯಾಯಿತು.

ಆ ಸಂಜೆ ನಾನು ಸಿಟ್ಟಿನಿಂದ ದೊಡ್ಡಮ್ಮನ ಕೊಟ್ಟಿಗೆಯಲ್ಲಿ ಕೂತಿದ್ದೆ. ಎದುರಿಗೆ ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. ಕಪ್ಪಗೆ, ಅಗಲಕ್ಕೆ, ಹಲಗೆಗಿಂತ ದೊಡ್ಡದಾಗಿ ಕಂಡಿತು. ಗೋಡೆಗೆ ಬಳಿಯಲು ಕದಡಿಟ್ಟ ಸುಣ್ಣ ಮೂಲೆಯಲ್ಲೇ ಇತ್ತು. ನಾನು ದೊಡ್ಡಮ್ಮನ ಮುಖ ನೋಡಿದೆ. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಬುದ್ಧಿ ಬಹಳ ಚುರುಕು. "ಬಲಗಡೆ ಬರಿ," ಎಂದಳು, "ಎಡಗಡೆ ಮೇವಿನ ಗೊಂತಿಗೆ ಉಜ್ಕೊಂತದೆ."

"ನನ್ನ ಮಗ ಬದುಕಿದ್ದಾನೆ. ತಂತಿ ಬಂದಿಲ್ಲ" ಎಂದು ಬರೆದೆ. ಬೆಳಿಗ್ಗೆ ಹಗ್ಗ ಬಿಚ್ಚಿದೆವು. ಎಮ್ಮೆ ತನ್ನ ಪಾಡಿಗೆ ತಾನು ಬೀದಿ ಹಿಡಿದು, ಪಂಚಾಯ್ತಿ ಮುಂದೆ ನಿಂತು ಸೆಗಣಿ ಹಾಕಿ, ಪ್ರಧಾನರ ಮನೆಯ ಎದುರು ಹುಲ್ಲಿನ ಮೆದೆಗೆ ಬಾಯಿ ಹಾಕಿ ನಿಂತಿತು. ಪ್ರಧಾನರು ಟವೆಲು ತೆಗೆದುಕೊಂಡು ಒರೆಸಲು ಬಂದರು. ಹಲಗೆ ಒದೆಯುವುದಿಲ್ಲ, ಎಮ್ಮೆ ಒದೆಯುತ್ತದೆ. ಪ್ರಧಾನರು ಜಗಲಿಯ ಮೇಲೆ ಕೂತು ಮಂಡಿಗೆ ಎಣ್ಣೆ ಹಚ್ಚಿಸಿಕೊಂಡರು. ಮಧ್ಯಾಹ್ನ ಎಮ್ಮೆ ಕೆರೆಗಿಳಿದರೆ ಅಕ್ಷರ ಅಳಿಸಿಹೋಗುತ್ತಿತ್ತು, ಸಂಜೆ ನಾನು ಮತ್ತೆ ಬರೆಯುತ್ತಿದ್ದೆ. ಪಕ್ಕದ ಊರಿನವರೂ ಓದಲು ಬರತೊಡಗಿದರು. ಡೇರಿ ಹಲಗೆಗೆ ಅಷ್ಟು ಓದುಗರು ಯಾವತ್ತೂ ಇರಲಿಲ್ಲ.

ಉದ್ಘಾಟನೆಗೆ ಇನ್ನೂ ಕೆಲವು ದಿನ ಇದ್ದವು. ಶಾಮಿಯಾನಕ್ಕೆ ಕಂಬ ನೆಡುತ್ತಿದ್ದರು. ಬೆಳಗಿನ ಬಸ್ಸಿನಿಂದ ಕೋಲೂರಿಕೊಂಡು ಒಬ್ಬ ಇಳಿದ. ಒಂದು ಕಾಲು ಮಡಚುತ್ತಿರಲಿಲ್ಲ. ರಸ್ತೆಗಡ್ಡ ನಿಂತಿದ್ದ ಎಮ್ಮೆಯನ್ನು ನೋಡಿ, ತಮ್ಮದೇ ಅಲ್ಲವಾ ಎಂದು ಹತ್ತಿರ ಹೋದ. ಅದರ ಮೈಮೇಲಿನದನ್ನು ಓದಿದ. ತಾನು ಸತ್ತ ಸುದ್ದಿ ಅವನಿಗೆ ತಿಳಿದದ್ದು ಹಾಗೆ.

ಎಮ್ಮೆ ಹೊಡೆದುಕೊಂಡು ಸೀದಾ ಡೇರಿಗೆ ಬಂದ. "ಏನೇ ಇದು, ನಮ್ ಎಮ್ಮೆ ಮೇಲೆ ಏನ್ ಬರ್ದಿದೀಯಾ?"

ನನ್ನ ಕೈಯಲ್ಲಿದ್ದ ಹಾಲು ಚೆಲ್ಲಿತು. ಸಾಲಿನಲ್ಲಿದ್ದ ದೊಡ್ಡಮ್ಮ ಅವನನ್ನು ತಲೆಯಿಂದ ಕೆಳಗೆ ನೋಡುತ್ತ ಬಂದು, ಮಡಚದ ಕಾಲಿನ ಮೇಲೆ ಕಣ್ಣು ನಿಲ್ಲಿಸಿ, ಕೆನ್ನೆಗೆ ಒಂದು ಬಾರಿಸಿದಳು. "ಕಾಗ್ದ ಬರ್ಯಕ್ಕೆ ಏನ್ ರೋಗ ಬಂದಿತ್ತು ನಿಂಗೆ?" ಆಮೇಲೆ ಅವನ ಎದೆಗೆ ಹಣೆ ಒತ್ತಿ ಅತ್ತಳು. ಅಷ್ಟು ದಿನ ಅಳದಿದ್ದದ್ದನ್ನೆಲ್ಲ ಸೇರಿಸಿ ಅತ್ತಳು.

"ಕಾಗ್ದದಲ್ಲಿ ಮೊದ್ಲು 'ನಾನು ಕ್ಷೇಮ' ಅಂತ ಬರೀಬೇಕಲ್ಲಮ್ಮಾ," ಎಂದ ಅವನು. "ಆಸ್ಪತ್ರೇಲಿ ಎಷ್ಟು ಸಲ ಶುರು ಮಾಡಿದ್ರೂ ಆ ಸಾಲು ಬರ್ಯಕ್ಕೆ ಆಗ್ಲಿಲ್ಲ. ತಂತೀನೂ ಕಳ್ಸಬೇಡಿ, ನಾನೇ ಹೋಗ್ತೀನಿ ಅಂತ ಹೇಳ್ಬಿಟ್ಟೆ."

ಪ್ರಧಾನರು ಓಡಿಬಂದರು. ಸಂತೋಷ, ಗಾಬರಿ, ನಾಚಿಕೆ ಮೂರೂ ಒಟ್ಟಿಗೆ ಅವರ ಮುಖದಲ್ಲಿದ್ದವು. ಕಲ್ಲಿಗೆ ತಂದಿಟ್ಟಿದ್ದ ಗಂಧದ ಹಾರವನ್ನು ಇವನಿಗೆ ಹಾಕಿದರು, ಶಾಲು ಹೊದಿಸಿದರು, ಭಾಷಣ ಶುರು ಮಾಡಿದರು. ಅವನು ಒಂಟಿ ಕಾಲಿನ ಮೇಲೆ ಭಾರ ಬಿಟ್ಟು ನಿಂತೇ ಇದ್ದ. "ಮೊದ್ಲು ಕುರ್ಚಿ ಕೊಡ್ರೋ, ಆಮೇಲೆ ಸನ್ಮಾನ ಮಾಡೀರಂತೆ!" ಎಂದು ದೊಡ್ಡಮ್ಮ ಕಿರುಚಿದ ಮೇಲೆ ಕುರ್ಚಿ ಬಂತು.

ಕಲ್ಲು ನೋಡಿ ಅವನು ಮೊದಲು ಬಿದ್ದು ಬಿದ್ದು ನಕ್ಕ. ಅಪ್ಸರೆಯರನ್ನು ನೋಡಿ ಇನ್ನಷ್ಟು ನಕ್ಕ. ಆಮೇಲೆ ಪ್ರಧಾನರ ಕೈಯಲ್ಲಿದ್ದ ಪೇಪರು ಇಸಿದುಕೊಂಡು ಓದಿದ. "ಇವ್ನು ನಂಗೆ ಗೊತ್ತು," ಎಂದ. "ಮಾಕಳಿದುರ್ಗದ ಕಡೆಯೋನು. ಒಂದೇ ಹೆಸರು ಅಂತ ನಮ್ಮಿಬ್ಬರನ್ನೂ ಎಲ್ರೂ ರೇಗಿಸ್ತಿದ್ರು. ಅವ್ನು ಸತ್ತಿದ್ದು ನಂಗೆ ಯಾರೂ ಹೇಳ್ಲಿಲ್ಲ. ಈ ಕಲ್ಲು ಅವಂದು ಪ್ರಧಾನ್ರೇ. ಅವ್ರ ಊರಿಗೆ ಕೊಡ್ಬೇಕು."

ಪ್ರಧಾನರು ಒಮ್ಮೆ ಕಲ್ಲನ್ನು, ಒಮ್ಮೆ ಶಾಮಿಯಾನದ ಕಂಬಗಳನ್ನು ನೋಡಿದರು. "ಟ್ರಾಕ್ಟರು ನಂದೇ ತರ್ತೀನಿ," ಎಂದರು. ಆ ಒಂದು ಮಾತಿಗೆ ನಾನು ಅವರ ನೀರು ಹಾಲನ್ನೆಲ್ಲ ಕ್ಷಮಿಸಿಬಿಟ್ಟೆ. ಶಾಸಕರಿಗೂ ಹೇಳಿ ಕಳಿಸಿದರು. ಅವರಿಗೆ ಆ ದಿನ ಹೇಗೂ ಯಾವುದೋ ಮದುವೆ ಇತ್ತಂತೆ.

ಟ್ರಾಕ್ಟರಿನಲ್ಲಿ ಕಲ್ಲಿನ ಜೊತೆ ನಾವೂ ಹೋದೆವು. ಬೆಟ್ಟದ ಬುಡದ ಊರು. ಸತ್ತ ಹುಡುಗನ ತಾಯಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ವಿಷಯ ಹೇಳಿದೆವು. ಅವಳು ಮೊರ ಕೆಳಗಿಟ್ಟು ಬಂದು, ಮಗನ ಹೆಸರಿನ ಮೇಲೆ ಕೈಯಾಡಿಸಿ, ಕಲ್ಲನ್ನು ನೋಡಿದಳು.

"ಕುದುರೆ ಯಾಕಪ್ಪಾ?" ಎಂದಳು. "ಅವ್ನು ಕುದುರೆ ಕಂಡ್ರೆ ಹೆದರ್ಕೊಳ್ಳೋನು."

ಪ್ರಧಾನರು ಹೆಗಲ ಮೇಲಿನ ಟವೆಲಿನಿಂದ ಕಲ್ಲಿನ ಧೂಳು ಒರೆಸಿದರು. ಅವಳು ನಮಗೆಲ್ಲ ಊಟಕ್ಕಿಟ್ಟಳು. ಊಟದ ಮಧ್ಯೆ ದೊಡ್ಡಮ್ಮನನ್ನು, "ನಿಮ್ಮ ಮಗನಾ ಇವ್ನು?" ಎಂದು ಕೇಳಿದಳು. ದೊಡ್ಡಮ್ಮ "ಹೂಂ" ಎಂದದ್ದು ಪಕ್ಕದಲ್ಲಿ ಕೂತಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಪ್ರಧಾನರು ತಾವೇ ಹಲಗೆ ಹೊತ್ತು ತಂದು ಮೊಳೆ ಹೊಡೆದು, "ಬರ್ಕೊಳಮ್ಮಾ ಏನಾರ," ಎಂದರು. ಗೆದ್ದ ಖುಷಿಯಲ್ಲಿ ನಾನು ಸೀಮೆಸುಣ್ಣ ಎತ್ತಿಕೊಂಡೆ. ಪ್ರಧಾನರ ಮಂಡಿಯ ಬಗ್ಗೆ ಒಂದು ಒಳ್ಳೆಯ ಸಾಲು ತಯಾರಿತ್ತು. ದೊಡ್ಡಮ್ಮ ನನ್ನ ಕೈ ಹಿಡಿದಳು.

"ಇವತ್ತು ನಾನು ಹೇಳಿದ್ದು ಬರಿ. ಆ ಮನೇಲಿ ತಂತಿ ಬಂದು ಆ ತಾಯಿ ಎದೆ ಬಡ್ಕೊಂತಿದ್ಲು. ನಾನಿಲ್ಲಿ ತಂತಿ ಬಂದಿಲ್ಲ, ತಂತಿ ಬಂದಿಲ್ಲ ಅಂತ ಎಮ್ಮೆ ಮೇಲೆ ಬರೆಸಿ ಊರೆಲ್ಲ ಮೆರೆಸ್ತಿದ್ದೆ. ತಂತಿ ಬಂದಿತ್ತು ಅಂತ ಬರಿ. ಆ ಹುಡುಗನ ಹೆಸರು ಬರಿ."

ಬರೆದೆ. ಕೆಳಗೆ ಅವನ ಊರಿನ ಹೆಸರನ್ನೂ ಬರೆದೆ. ಓದಿ ಹೇಳು ಎಂದಳು, ಗಟ್ಟಿಯಾಗಿ ಓದಿದೆ. ಹೆಸರು ಕಿವಿಗೆ ಬಿದ್ದದ್ದೇ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಅವಳ ಮಗ ಅಭ್ಯಾಸಬಲದಿಂದ ತಲೆ ಎತ್ತಿ "ಏನಮ್ಮಾ?" ಎಂದ.

"ನಿನ್ನಲ್ಲ ಕಣೋ," ಎಂದಳು ದೊಡ್ಡಮ್ಮ.